ಒಂದು ಜೊತೆ ಬಲಿ

"ಕಾಫಿ ಆರಿಹೋಗ್ತಿದೆ ಭೋಜರಾಜ್ ಸಾರ್," ಎಂದು ಮುರಳೀಧರ ಎರಡನೆಯ ಸಲ ಹೇಳಿದಾಗಲೂ ಭೋಜರಾಜ ಲೋಟ ಮುಟ್ಟಲಿಲ್ಲ. ಮೇಜಿನ ಮೇಲೆ ಹನ್ನೆರಡು ಜೊತೆ ಗಂಡಸರ ಶೂಗಳು ಸಾಲಾಗಿ ಕೂತಿದ್ದವು. ಹನ್ನೊಂದನ್ನು ನೋಡಿ ಮುಗಿದಿತ್ತು. ಹೊಲಿಗೆ ನೇರ, ಬಣ್ಣ ಸಮ, ಅಂಟು ಗಟ್ಟಿ. ಒಂದರಲ್ಲೂ ತಪ್ಪು ಸಿಗದೆ ಅವನ ಹೊಟ್ಟೆ ಉರಿಯುತ್ತಿತ್ತು.

ಆರು ವರ್ಷದ ಹಿಂದೆ ಕಾರ್ಖಾನೆಯ ಮಾಲೀಕ ಮುರಳೀಧರನ ಇದೇ ಬಾಯಿ ಅವನನ್ನು 'ಲೇ ಭೋಜ' ಎನ್ನುತ್ತಿತ್ತು. ಈಗ ಭೋಜರಾಜ ಜರ್ಮನಿಯ ಕೊಳ್ಳುಗರ ಪರವಾಗಿ ಮಾಲು ಪರೀಕ್ಷಿಸುವ ಏಜೆನ್ಸಿಯ ಮನುಷ್ಯ. ಅವನ ರುಜು ಬೀಳದೆ ತಮಿಳು ಸೀಮೆಯ ಪಲ್ಲಾವರಂನ ಈ ಕಾರ್ಖಾನೆಯಿಂದ ಒಂದು ಪೆಟ್ಟಿಗೆಯೂ ಬಂದರಿಗೆ ಹೋಗುವಂತಿಲ್ಲ. ಹಡಗು ನಾಳೆಯೇ ಹೊರಡುತ್ತದೆ. ಹಾಗಾಗಿ 'ಲೇ' ಹೋಗಿ 'ಸಾರ್' ಬಂದಿತ್ತು.

ತೊಂಬತ್ತಾರರಲ್ಲಿ ಅವನು ಇಲ್ಲಿಯೇ ಚರ್ಮ ವಿಂಗಡಿಸುವ ಸಾರ್ಟರ್ ಆಗಿದ್ದ. ಹದವಾಗಿ ಬಂದ ಚರ್ಮವನ್ನು ಬೆರಳ ಮೇಲೆ ಮಡಿಸಿ, ಮೈ ಸವರಿ, ಒಳಮೈಗೆ ನೇರಳೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ನಾಲಿಗೆಗೆ ಮುಟ್ಟಿಸಿದರೇ ಆ ಪೆನ್ಸಿಲ್ ಚರ್ಮಕ್ಕೆ ಹಿಡಿಯುವುದು. ಸಂಜೆ ಹೊತ್ತಿಗೆ ಸಾರ್ಟರುಗಳ ಬಾಯಿ ನೇರಳೆ ಹಣ್ಣು ತಿಂದ ಮಕ್ಕಳ ಬಾಯಿಯಂತಾಗುತ್ತಿತ್ತು. ಒಳ್ಳೆಯದಕ್ಕೆ ಒಂದು ಗೀಟು. ಕೆಟ್ಟದ್ದಕ್ಕೆ ಒಬ್ಬೊಬ್ಬರದು ಒಂದೊಂದು ಗುರುತು; ಭೋಜರಾಜನದು ಸೊನ್ನೆಯೊಳಗೆ ಅಡ್ಡಡ್ಡ ಎರಡು ಗೀಟಿನ ಕತ್ತರಿ.

ಆ ವರ್ಷ ಬಂದ ಒಂದು ಹೊರೆ ಚರ್ಮ, ಮಡಿಸಿದರೆ ಹಾಲಿನ ಕೆನೆಯ ಹಾಗೆ ಸುಕ್ಕಾಗುತ್ತಿತ್ತು. ಅವನು ಎಲ್ಲದಕ್ಕೂ ಸೊನ್ನೆ ಸುತ್ತಿದ. ಮುರಳೀಧರ ಸದ್ದಿಲ್ಲದೆ ಅದರ ಮೇಲೆ ದಪ್ಪಗೆ ಬಣ್ಣ ಬಳಿಸಿ ಶೂ ಮಾಡಿಸಿ ಕಳಿಸಿದ. ತಿಂಗಳೊಳಗೆ ಶೂಗಳು ಬಿರುಕು ಬಿಟ್ಟು ದೂರಿನ ಮೇಲೆ ದೂರು ಬಂತು. ಮುರಳೀಧರ ಹೊಲಿಗೆಯ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಭೋಜರಾಜನ ಬಲಗೈಯನ್ನು ಮೇಲೆತ್ತಿ ಹಿಡಿದ. ಇವನೇ ಪಾಸು ಮಾಡಿದ್ದು ಎಂದ. "ಈ ಕೈ ನೋಡ್ಕೊಳ್ಳಿ. ಸತ್ತ ತೊಗಲಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ನಮ್ಮ ಕನ್ನಡದವನು ಅಂತ ಇಟ್ಕೊಂಡೆ, ಅದೇ ನನ್ನ ತಪ್ಪು." ಒಳಮೈಯ ಗುರುತು ನೋಡಿ ಎಂದು ಭೋಜರಾಜ ಅಂಗಲಾಚಿದ. ಉಳಿದ ಚರ್ಮವನ್ನೆಲ್ಲ ಸುಟ್ಟುಬಿಟ್ಟೆ ಎಂದ ಮುರಳೀಧರ.

ಆಮೇಲೆ ಪಲ್ಲಾವರಂ, ಕ್ರೋಂಪೇಟೆಯ ಒಂದು ಗೇಟೂ ಅವನಿಗೆ ತೆರೆಯಲಿಲ್ಲ. ಎರಡು ವರ್ಷ ರಾಯಪುರಂನಲ್ಲಿ ಮೀನಿಗೆ ಉಪ್ಪು ಹಾಕಿದ. ಚರ್ಮದ ಮಾತು ಕೇಳುತ್ತಿದ್ದ ಬೆರಳುಗಳು ಉಪ್ಪಿಗೆ ಸೀಳುಬಿಟ್ಟು, ಅನ್ನ ಕಲಸಿದರೆ ಉರಿಯುತ್ತಿದ್ದವು. ಹೆಂಡತಿ ವಾಸಂತಿ ಊರಿಗೆ ಬರೆಯುವ ಕಾಗದಗಳಲ್ಲಿ ಅವನ ಕೆಲಸದ ಸುದ್ದಿಯನ್ನೇ ಬಿಟ್ಟುಬಿಟ್ಟಳು. ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಭೋಜರಾಜನದು ಇನ್ನೂ ಅರ್ಧ ದಾರಿಯಲ್ಲಿತ್ತು. ಏಜೆನ್ಸಿ ಸೇರಿದ ಮೇಲೆ ಈ ಕಾರ್ಖಾನೆಯ ಸರದಿ ತನಗೆ ಬರಲೆಂದು ಅವನು ಹರಕೆ ಹೊರುವುದೊಂದು ಬಾಕಿ ಇತ್ತು, ಅಷ್ಟೆ.

ಹನ್ನೆರಡನೆಯ ಜೊತೆಯನ್ನು ಎತ್ತಿಕೊಂಡ. ಅದನ್ನು ಅವನು ರಾಶಿಯ ನಟ್ಟನಡುವಿನ ಪೆಟ್ಟಿಗೆಯಿಂದ ತೆಗೆಸಿದ್ದ. ಒಳ್ಳೆಯದನ್ನು ಮೇಲೂ ಕೆಳಗೂ ಇಟ್ಟು, ಕೆಟ್ಟದ್ದನ್ನು ನಡುವೆ ಅಡಗಿಸುವ ವಿದ್ಯೆ ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಕಾಲ್ಬೆರಳು ಮಡಿಯುವ ಜಾಗದಲ್ಲಿ ಹೆಬ್ಬೆರಳು ಒತ್ತಿದ. ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಕಣ್ಣಿಗೆ ಏನೂ ಕಾಣಲಿಲ್ಲ, ಪಾಲಿಶ್ ಅಷ್ಟು ಚೆನ್ನಾಗಿತ್ತು. ಆದರೆ ಹೆಬ್ಬೆರಳು ಹಳೆಯ ಶತ್ರುವನ್ನು ಗುರುತು ಹಿಡಿಯಿತು.

ಹೆಬ್ಬೆರಳ ಮಾತನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ. ಪ್ರತಿ ತಪಾಸಣೆಯಲ್ಲೂ ಒಂದೇ ಒಂದು ಜೊತೆಯನ್ನು ಸೀಳಿ ನೋಡಲು ಅವಕಾಶವಿತ್ತು. ಕೆಲಸಗಾರರು ಅದಕ್ಕೆ 'ಬಲಿ' ಎಂದು ಹೆಸರಿಟ್ಟಿದ್ದರು. ಒಳಗೆ ಏನೂ ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ರುಜು ಹಾಕಬೇಕು. ಭೋಜರಾಜ ಚಾಕು ಕೇಳಿದ. ಮುರಳೀಧರನ ನಗು ತುಸು ಕುಂದಿತು.

ಎಡಗಾಲಿನದನ್ನು ಸೀಳಿದ. ಲೈನಿಂಗ್ ಬಟ್ಟೆ ಕಿತ್ತರೆ ಒಳಮೈ ಬೋಳಾಗಿತ್ತು, ಯಾವ ಗುರುತೂ ಇರಲಿಲ್ಲ. ಮುರಳೀಧರ ಉಸಿರು ಬಿಟ್ಟು, ಬೇರೆ ಕಾಫಿ ತರಿಸಲೇ ಎಂದು ಕೇಳಿದ. ಭೋಜರಾಜ ಬಲಗಾಲಿನದನ್ನು ಎತ್ತಿಕೊಂಡ. ಬಟ್ಟೆ ಪರ‍್ರೆಂದು ಹರಿದು ಬಂತು. ಅಲ್ಲಿ, ಅಂಟಿನ ಕಲೆಯ ಪಕ್ಕದಲ್ಲಿ, ಅರ್ಧ ಸೊನ್ನೆ ಇತ್ತು. ಅದರೊಳಗೆ ಅರ್ಧ ಕತ್ತರಿ. ನೇರಳೆ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

"ಸುಟ್ಟಿದ್ದೆ ಅಂದಿದ್ರಿ," ಎಂದ ಭೋಜರಾಜ.

ಮುರಳೀಧರ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದ. ಆಮೇಲೆ ಅವನ ಬಾಯಿಂದ ಎಲ್ಲವೂ ಒಟ್ಟಿಗೆ ಬಂತು. ಕೊಳಕು ನೀರಿನ ಕೇಸಿನಲ್ಲಿ ಹದಮಾಡುವ ಘಟಕಗಳು ಒಂದೊಂದಾಗಿ ಮುಚ್ಚಿದ್ದು, ಚರ್ಮ ಸಿಗದ್ದು, ಚೀನಾದವರು ಅರ್ಧ ಬೆಲೆಗೆ ಶೂ ಕೊಡುತ್ತಿರುವುದು, ಈ ಒಂದು ಆರ್ಡರ್ ತಪ್ಪಿದರೆ ಶಟರ್ ಎಳೆಯಬೇಕಾದದ್ದು. ಹಳೆಯ ಮಾಲನ್ನು "ಕೊಂಚಂ ಮಾತ್ರಂ" ಬೆರೆಸಿದ್ದಂತೆ. ಅದೆಲ್ಲ ನಿಜವೆಂದು ಭೋಜರಾಜನಿಗೆ ಗೊತ್ತಿತ್ತು. ನಿಜವಾದ ಮಾತ್ರಕ್ಕೆ ಅವನ ಸಿಟ್ಟು ಇಳಿಯಲಿಲ್ಲ.

"ಅವತ್ತು ನನ್ ಕೈ ಎತ್ತಿ ಹಿಡ್ದಿದ್ರಲ್ಲ," ಎಂದ. "ಅದೇ ಜಾಗದಲ್ಲಿ ನಿಂತ್ಕೊಂಡು ಈ ಶೂ ಎತ್ತಿ ಹಿಡೀರಿ. ಗುರುತು ಯಾರ್ದು, ಯಾಕೆ ಹಾಕಿದ್ದು, ಹೇಳಿ."

"ಹೇಳಿದ್ರೆ ಸೈನ್ ಹಾಕ್ತೀರಾ?" ಎಂದ ಮುರಳೀಧರ.

ಭೋಜರಾಜ ಜೇಬಿನಿಂದ ಪೆನ್ಸಿಲ್ ತೆಗೆದು ವರದಿಯ ಹಾಳೆಯ ಮೇಲಿಟ್ಟ. ಮುರಳೀಧರ ಅದನ್ನು ಒಪ್ಪಿಗೆಯೆಂದುಕೊಂಡ. ಅಂದುಕೊಳ್ಳಲಿ ಎಂದು ಭೋಜರಾಜ ಬಾಗಿಲು ತೆರೆದ.

ಹೊಲಿಗೆಯ ಹಾಲ್‌ನಲ್ಲಿ ಮಿಷನ್ನುಗಳು ನಿಂತವು. ನೂರ ಅರವತ್ತು ಹೆಂಗಸರು ತಲೆ ಎತ್ತಿದರು. ಮುರಳೀಧರ ಸೀಳಿದ ಶೂವನ್ನು ಎತ್ತಿ ಹಿಡಿದು ತಮಿಳಿನಲ್ಲಿ ಗೊಣಗಿದ. ಹಿಂದಿನ ಸಾಲಿಗೆ ಕೇಳಿಸಲಿಲ್ಲ ಎಂದ ಭೋಜರಾಜ. ಮುರಳೀಧರ ದನಿ ಏರಿಸಿ ಮತ್ತೆ ಹೇಳಿದ: ಭೋಜರಾಜ ಈ ಚರ್ಮವನ್ನು ಪಾಸು ಮಾಡಿರಲಿಲ್ಲ, ಬೇಡವೆಂದಿದ್ದ, ಸುಳ್ಳು ಹೇಳಿದ್ದು ತಾನು. ಅವನ ಕುತ್ತಿಗೆ ಬೆವರಿತ್ತು. ಭೋಜರಾಜನಿಗೆ ಅದು ಪಾಯಸ ಉಂಡಷ್ಟು ರುಚಿಸಿತು. ಎರಡು ಸಲ ಹೇಳಿಸಿದ್ದು ಸಾಲದು, ಮೂರನೆಯ ಸಲವೂ ಹೇಳಿಸಬೇಕಿತ್ತು ಎನಿಸಿತು.

ಆಮೇಲೆ ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ, ವರದಿಯ ಮೇಲೆ ದೊಡ್ಡ ಸೊನ್ನೆ ಸುತ್ತಿ ಕತ್ತರಿ ಎಳೆದ. ಗೋಡೆಗೆ ಜೋಡಿಸಿದ್ದ ಪೆಟ್ಟಿಗೆಗಳ ಬಳಿ ಹೋಗಿ, ಒಂದೊಂದರ ಮೇಲೂ ಪೆನ್ಸಿಲ್ ನೆನೆಸಿ ನೆನೆಸಿ ಅದನ್ನೇ ಬರೆದ.

"ಸಾರ್, ನೀವು ಹೇಳಿದ್ದು…"

"ನಾನೇನೂ ಹೇಳ್ಲಿಲ್ಲ. ಹೇಳಿದ್ದು ನೀವು."

ಮುರಳೀಧರ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ. ಭೋಜರಾಜ ಬ್ಯಾಗು ಹೆಗಲಿಗೇರಿಸಿ ತಿರುಗಿದರೆ, ದಾರಿಗೆ ಅಡ್ಡವಾಗಿ ನಾಗರತ್ನಮ್ಮ ನಿಂತಿದ್ದಳು. ಕೊಳ್ಳೇಗಾಲದ ಕಡೆಯವಳು, ಇಪ್ಪತ್ತು ವರ್ಷದಿಂದ ಇಲ್ಲಿ ಹೊಲಿಗೆ. ಅವನನ್ನು ಹೊರಹಾಕಿದ ದಿನ ಗೇಟಿನವರೆಗೆ ಬಂದು ತನ್ನ ಬುತ್ತಿಯನ್ನು ಅವನ ಕೈಗಿಟ್ಟವಳು ಅವಳೊಬ್ಬಳೇ.

"ನೀನು ಸುಳ್ಳಾಡೋನಲ್ಲ ಅಂತ ಅವತ್ತೇ ಗೊತ್ತಿತ್ತು ಕಣ ಭೋಜಣ್ಣ," ಎಂದಳು. "ನಿಂಗೆ ನ್ಯಾಯ ಸಿಕ್ತು."

"ಕೆಟ್ ಚರ್ಮ ಬೆರೆಸ್ದೋನು ನಾನಲ್ಲ ಕಣಕ್ಕ."

"ಗೊತ್ತು ಬುಡು." ಅವಳು ಬಲಗೈ ಮುಂದೆ ಚಾಚಿ ಅಂಗೈ ಬಿಡಿಸಿದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತುಗಳಿದ್ದವು. "ಈ ಆರ್ಡ್ರು ಹೋಯ್ತು, ಸ್ವಾಮಾರದಿಂದ ನಮ್ಗೆ ಗೇಟಿಲ್ಲ. ಆ ಪೆಟ್ಗೆಗೆ ಹಾಕ್ದಂಗೆ ನಂಗೂ ಒಂದು ಹಾಕ್ಬುಡು."

ಅವಳ ಹಿಂದೆ ಇನ್ನೂ ಏಳೆಂಟು ಹೆಂಗಸರು ಎದ್ದು ನಿಂತಿದ್ದರು. ಅವರಲ್ಲಿ ಕನ್ನಡ ಬಾರದವರೂ ಕೈ ಚಾಚಿದರು. ಭೋಜರಾಜ ಪೆನ್ಸಿಲನ್ನು ಜೇಬಿಗಿಳಿಸಿ, ಅವರ ಪಕ್ಕದಿಂದ ಗೋಡೆಗೆ ಒತ್ತಿಕೊಂಡು ಹೊರಗೆ ನಡೆದ. ಗೇಟು ದಾಟುವವರೆಗೂ ಮಿಷನ್ನುಗಳ ಸದ್ದು ಶುರುವಾಗಲಿಲ್ಲ.

ಪಲ್ಲಾವರಂ ಸ್ಟೇಷನ್ನಿನಲ್ಲಿ ತಾಂಬರಂ ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರಂ ಕೊನೆಯ ನಲ್ಲಿಯ ಬಳಿ ನಿಂತು ಭೋಜರಾಜ ಬಾಯಿ ಮುಕ್ಕಳಿಸಿದ. ವಾಸಂತಿಗೆ ಎಲ್ಲಿಂದ ಶುರುಮಾಡಿ ಹೇಳುವುದೆಂದು ಯೋಚಿಸುತ್ತ ಮತ್ತೊಮ್ಮೆ ಬಾಯಿಗೆ ನೀರು ತುಂಬಿಕೊಂಡ. ಗಾಡಿ ಬಂದು ನಿಂತಿತು, ಜನ ಹತ್ತಿಳಿದರು, ಗಾಡಿ ಹೊರಟಿತು. ಅವನು ನಲ್ಲಿಯ ಮುಂದೆ ಬಗ್ಗಿಯೇ ಇದ್ದ. ಉಗಿದ ನೀರು ಸಿಮೆಂಟಿನ ಮೇಲೆ ಇನ್ನೂ ನೇರಳೆಯಾಗಿಯೇ ಹರಿಯುತ್ತಿತ್ತು.