ಹಳದಿ ಚೀಲದ ಹಿಂದೆ

“ಎಡಗಡೆ ಗುಂಡಿ,” ಎಂದಳು ಮುಂದೆ ಸೈಕಲ್ ತುಳಿಯುತ್ತಿದ್ದ ಹುಡುಗಿ. ಎರಡು ಮಾರು ಹಿಂದೆ ಬರುತ್ತಿದ್ದ ಬೀಗದ ಮೇಸ್ತ್ರಿ ಹ್ಯಾಂಡಲನ್ನು ಬಲಕ್ಕೆ ಎಳೆದರು. ಗುಂಡಿ ಅವರಿಗೆ ಕಾಣಲಿಲ್ಲ. ಪಕ್ಕದಲ್ಲಿ ಹಾದುಹೋದ ಯಾರದೋ ಚಕ್ರ ಅದರೊಳಗೆ ಧಡ್ ಎಂದು ಇಳಿದದ್ದು ಮಾತ್ರ ಕೇಳಿಸಿತು.

ಆರು ತಿಂಗಳಿಂದ ಹೀಗೇ. ಬೆಳಿಗ್ಗೆ ಎಂಟಕ್ಕೆ ನೀರಿನ ಟ್ಯಾಂಕಿನ ಹತ್ತಿರ ಆ ಹುಡುಗಿಯ ಬೆನ್ನಿಗೆ ನೇತುಬಿದ್ದ ಹಳದಿ ಚೀಲ ಸಿಗುತ್ತಿತ್ತು. ಅದು ತಿರುಗಿದಲ್ಲಿ ಮೇಸ್ತ್ರಿ ತಿರುಗುವರು, ನಿಂತಲ್ಲಿ ನಿಲ್ಲುವರು. ದೊಡ್ಡ ಸರ್ಕಲ್ಲಿನ ಸಿಗ್ನಲ್ ಕೆಂಪೋ ಹಸಿರೋ ಎಂಬ ಗೊಡವೆಯೇ ಇರಲಿಲ್ಲ. ಹಳದಿ ಹೊರಟಿತೆಂದರೆ ಹಸಿರು. ಹುಡುಗಿಗೆ ಒಬ್ಬಳೇ ಮಾತಾಡಿಕೊಳ್ಳುವ ಚಟವೆಂದು ಅವರು ತಿಳಿದಿದ್ದರು. ‘ಪಾಪ, ಯಾರ ಮನೆಯ ಕೂಸೋ, ಒಂದು ಸ್ಕ್ರೂ ಸಡಿಲ’ ಎಂದು ಒಳಗೊಳಗೇ ನಕ್ಕದ್ದೂ ಉಂಟು.

ತಮ್ಮ ಕಣ್ಣಿನ ವಿಷಯ ಯಾರಿಗೂ ಗೊತ್ತಿಲ್ಲವೆಂಬ ಧೈರ್ಯ ಅವರದು. ಕಾರ್ಖಾನೆಯಲ್ಲಿ ಬೀಗದ ಒಳಗುಟ್ಟು ಬೆರಳ ತುದಿಗೇ ಸಿಗುತ್ತಿತ್ತು. ಮೂವತ್ತೊಂದು ವರ್ಷ ಲೋಹ ಉಜ್ಜುವ ಅರ ಹಿಡಿದ ಕೈ. ಹೆಂಡತಿ ಮಾತ್ರ ಆಗಾಗ, “ಚಹಾ ಲೋಟದ ಪಕ್ಕಕ್ಕೆ ಸುರೀತಿದೀರಲ್ರೀ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ” ಎನ್ನುವಳು. “ನಂದು ಹದ್ದಿನ ಕಣ್ಣು ಕಣೇ” ಎಂದು ಮೇಸ್ತ್ರಿ ಎದ್ದುಬಿಡುವರು. ಅವರ ಅಪ್ಪ ಕಣ್ಣಿನ ಆಪರೇಷನ್ನಿಗೆಂದು ಒಬ್ಬರೇ ನಡೆದುಹೋಗಿ, ಮಗನ ಹೆಗಲು ಹಿಡಿದು ವಾಪಸು ಬಂದಿದ್ದರು. ಆ ಕೈಯ ಭಾರ ಮೇಸ್ತ್ರಿಯ ಹೆಗಲಿಂದ ಇನ್ನೂ ಇಳಿದಿರಲಿಲ್ಲ.

ಅಂದು ಸೇತುವೆ ದಾಟಿದ ಕೂಡಲೇ ಹಳದಿ ಚೀಲ ನಿಂತಿತು. ಸಿಗ್ನಲ್ ಇನ್ನೂ ದೂರವಿತ್ತು. ಮೇಸ್ತ್ರಿಯೂ ನಿಂತರು.

“ಅಂಕಲ್, ನಾಳೆಯಿಂದ ನಾನು ಈ ಹೊತ್ತಿಗೆ ಬರಲ್ಲ. ನಮ್ಮ ಹೊಲಿಗೆ ಕಾರ್ಖಾನೇಲಿ ಪಾಳಿ ಬದಲಾಯ್ತು.”

“ಅದನ್ನ ನನಗ್ಯಾಕಮ್ಮ ಹೇಳ್ತೀಯ?”

“ಮತ್ತೆ ಇಷ್ಟು ದಿನ ನಾನು ಗುಂಡಿ, ಗುಂಡಿ ಅಂದಿದ್ದು ಯಾರಿಗೆ?”

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ನಡುರಸ್ತೆಯಲ್ಲಿ ಉಟ್ಟ ಬಟ್ಟೆ ಜಾರಿದಂತಾಯಿತು. “ನಾನು ಕುರುಡ ಅಂತ ಬಂದು ಹೇಳಿದ್ನಾ ನಿನಗೆ? ನಿನ್ನ ದಾರಿ ನೀನು ನೋಡ್ಕೊ.”

“ತಪ್ಪು ತಿಳ್ಕೋಬೇಡಿ ಅಂಕಲ್. ಸಿಗ್ನಲ್ ಹತ್ರ ಮಾತ್ರ ಹುಷಾರು. ಬಲಗಡೆಯಿಂದ ಬರೋರು ಬ್ರೇಕ್ ಹಾಕೋದೇ ಇಲ್ಲ.”

ಇಷ್ಟು ಬೈಸಿಕೊಂಡರೂ ಹುಡುಗಿ ಸಿಗ್ನಲ್ಲಿನಲ್ಲಿ ಅವರು ಬರುವವರೆಗೆ ಕಾದಿದ್ದು, ಆಮೇಲೇ ಹೊರಟಳು. ಮೇಸ್ತ್ರಿ ಅವಳತ್ತ ಮುಖ ಕೂಡ ತಿರುಗಿಸಲಿಲ್ಲ.

ಮರುದಿನ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತಿತ್ತು. ರಸ್ತೆ, ಗೋಡೆ, ಜನ ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದಂತೆ. ಬಸ್ಸಿಗೆ ಹೋಗಬಹುದಿತ್ತು; ಹೋದರೆ ಆ ಹುಡುಗಿಯ ಮಾತು ನಿಜವಾದಂತೆ. ಮೇಸ್ತ್ರಿ ಪೆಡಲಿನ ಸುತ್ತು ಎಣಿಸತೊಡಗಿದರು. ಒಂದು ಗುಂಡಿ ತಪ್ಪಿತು. ಇನ್ನೊಂದು ತಪ್ಪಲಿಲ್ಲ, ಹಲ್ಲಿಗೆ ಹಲ್ಲು ಬಡಿಯಿತು. ಸೇತುವೆಯ ಮೇಲೆ ಬಸ್ಸೊಂದು ಕಿವಿಯ ಪಕ್ಕದಲ್ಲೇ ಬುಸುಗುಟ್ಟಿ ಹೋಯಿತು. ವಾಪಸು ಹೋಗಿಬಿಡಲೇ ಎನಿಸಿತು. ಆದರೆ ಅರ್ಧ ಸೇತುವೆಯಲ್ಲಿ ಸೈಕಲ್ ತಿರುಗಿಸಲೂ ಕಣ್ಣು ಬೇಕಲ್ಲ.

ಸರ್ಕಲ್ಲಿನಲ್ಲಿ ಒಂದು ಕಾಲೂರಿ ನಿಂತರು. ದೀಪಗಳಿರಬೇಕಾದ ಕಡೆ ಬರೀ ಬಿಸಿಲಿನ ಮುದ್ದೆ. ಕಿವಿಗೊಟ್ಟರು. ಪಕ್ಕದ ಇಂಜಿನ್ನು ಗುರ್ ಎಂದಿತು. ಹೊರಟಿತೆಂದೇ ಬಗೆದು ಪೆಡಲ್ ಒತ್ತಿದರು.

ಅದು ಹೊರಟಿರಲಿಲ್ಲ.

ಎಲ್ಲೋ ಬ್ರೇಕು ಕಿರುಚಿತು. ಮುಂದಿನ ಚಕ್ರ ಯಾವುದಕ್ಕೋ ಬಡಿದು, ಮೇಸ್ತ್ರಿ ಮಂಡಿಯೂರಿ ಬಿದ್ದರು. ಎದುರಲ್ಲಿ ಇನ್ನೊಂದು ಸೈಕಲ್ ಉರುಳಿತ್ತು. ಪುಟ್ಟ ಮಗುವೊಂದು ಸೂರು ಕಿತ್ತುಹೋಗುವಂತೆ ಅಳುತ್ತಿತ್ತು.

“ಏನೂ ಆಗಿಲ್ಲ ಪುಟ್ಟಿ, ಏನೂ ಆಗಿಲ್ಲ, ಮಂಡಿ ತರಚಿದೆ ಅಷ್ಟೆ,” ಎನ್ನುತ್ತಿದ್ದಳು ಅದರ ತಾಯಿ. ಮೇಸ್ತ್ರಿಗೆ ಹೋದ ಜೀವ ಬಂತು.

“ನನ್ನ ಡಬ್ಬಿ! ನನ್ನ ಊಟದ ಡಬ್ಬಿ!” ಎಂದು ಮಗು ಚೀರಿತು.

ಏನಾದರೂ ಮಾಡಬೇಕಲ್ಲ ಎಂದು ಮೇಸ್ತ್ರಿ ನೆಲದ ಮೇಲೆ ಕೈಯಾಡಿಸತೊಡಗಿದರು. ಕಲ್ಲು ಸಿಕ್ಕಿತು, ಎಣ್ಣೆಯ ಜಿಡ್ಡು ಸಿಕ್ಕಿತು. ಬಯ್ಯಲೆಂದು ಅವರತ್ತ ತಿರುಗಿದ ತಾಯಿ, “ನಿಮಗೇನು...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವರ ಮಂಡಿಗೆ ತಾಗಿಕೊಂಡೇ ಬಿದ್ದಿದ್ದ ಡಬ್ಬಿಯನ್ನೆತ್ತಿ ಅವರ ಅಂಗೈಯಲ್ಲಿಟ್ಟಳು.

“ನೀವೇ ಕೊಡಿ ಅವಳಿಗೆ,” ಎಂದಳು ಮೆಲ್ಲಗೆ. “ಇಲ್ಲೇ ಮುಂದೆ ನಿಂತಿದಾಳೆ.” ಮೇಸ್ತ್ರಿ ಡಬ್ಬಿ ಚಾಚಿದರು; ಪುಟ್ಟ ಕೈಗಳೆರಡು ಅದನ್ನು ಕಿತ್ತುಕೊಂಡವು.

ಅಷ್ಟರಲ್ಲಿ ಬ್ರೆಡ್ ವ್ಯಾನಿನ ಡ್ರೈವರ್ ಬಾಗಿಲು ಬಡಿದು ಇಳಿದು ಬಂದ. “ಒಂದು ಗೇಣು! ಒಂದೇ ಒಂದು ಗೇಣು ಆಚೀಚೆ ಆಗಿದ್ರೆ ಮೂರು ಜನ ನನ್ನ ಗಾಲಿ ಕೆಳಗೆ! ರೀ ಯಜಮಾನ್ರೇ, ಕಣ್ಣು ಕಾಣಲ್ವೇನ್ರಿ?”

ರಸ್ತೆಯಲ್ಲಿ ದಿನಕ್ಕೆ ನೂರು ಜನ ಕೇಳುವ ಮಾತು. ಉತ್ತರ ಬೇಕೆಂದು ಯಾರೂ ಕೇಳುವುದಿಲ್ಲ.

“ಇಲ್ಲಪ್ಪ,” ಎಂದರು ಮೇಸ್ತ್ರಿ. “ಕಾಣಲ್ಲ.”

ಹಿಂದೆ ಹಾರ್ನ್ ಹೊಡೆಯುವವರು ಹೊಡೆಯುತ್ತಲೇ ಇದ್ದರು. ಡ್ರೈವರ್, “ಮೊದಲೇ ಹೇಳಬಾರದೇನ್ರಿ” ಎಂದು ಗೊಣಗಿ, ಅವರ ಸೈಕಲ್ಲನ್ನೆತ್ತಿ ವ್ಯಾನಿನೊಳಗೆ ಬ್ರೆಡ್ಡಿನ ಟ್ರೇಗಳ ನಡುವೆ ಒರಗಿಸಿದ. ತಾಯಿ ಮೇಸ್ತ್ರಿಯ ಮೊಣಕೈ ಹಿಡಿದು ನಡೆಸಿದಳು.

“ತಪ್ಪಾಯ್ತಮ್ಮ.”

“ಮೊದಲು ಕಣ್ಣು ತೋರಿಸ್ಕೊಳ್ಳಿ ಅಣ್ಣ,” ಎಂದಳು ಆಕೆ. “ಮೆಟ್ಟಿಲು ಎತ್ತರ ಇದೆ, ಹಾಂ, ಹತ್ತಿ.”

ವ್ಯಾನಿನೊಳಗೆ ಬಿಸಿ ಬ್ರೆಡ್ಡಿನ ವಾಸನೆ. “ಎಲ್ಲಿಗೆ ಬಿಡ್ಲಿ? ಕೆಲಸಕ್ಕಾ?” ಎಂದ ಡ್ರೈವರ್.

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. “ಬೇಡಪ್ಪ. ಮನೆಗೆ ಬಿಡು. ನಮ್ಮನೆಯವಳನ್ನ ಕರ್ಕೊಂಡು... ಕಣ್ಣಿನ ಆಸ್ಪತ್ರೆಗೆ ಹೋಗ್ಬೇಕು.”

ಹೇಳಿ ಮುಗಿದ ಮೇಲೆ ಕೈಗಳೆರಡನ್ನೂ ತೊಡೆಗಳ ನಡುವೆ ಅದುಮಿಟ್ಟುಕೊಂಡರು. ಮನೆಯತ್ತ ತಿರುಗಲು ಸರ್ಕಲ್ ಸುತ್ತುವಾಗ ವ್ಯಾನು ಬಿಸಿಲಿಗೆ ಮುಖಮಾಡಿತು. ಗಾಜಿನ ತುಂಬ ಬೆಳಕು ನುಗ್ಗಿ ಮೇಸ್ತ್ರಿಯ ಕಣ್ಣಲ್ಲಿ ನೀರು ಇಳಿಯತೊಡಗಿತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ.

ಡ್ರೈವರ್ ರಸ್ತೆಯಿಂದ ನೋಟ ಕೀಳದೆ ಎಡಗೈ ಚಾಚಿ, ಅವರ ಮುಂದಿದ್ದ ಬಿಸಿಲು ಮರೆಯ ಹಲಗೆಯನ್ನು ಕೆಳಗಿಳಿಸಿದ. ಅಂಗೈಯಗಲದ ನೆರಳು ಬಂದು ಅವರ ಮುಖದ ಮೇಲೆ ಕೂತಿತು.