ಒಂಬತ್ತು ಸ್ಪ್ರಿಂಗಿನ ಕ್ಲಚ್ಚು

ಒಂದು ವರ್ಷದಲ್ಲಿ ಮೂರು ಕ್ಲಚ್ ಪ್ಲೇಟ್ ಸುಟ್ಟವನನ್ನು ಡ್ರೈವರ್ ಅನ್ನಬೇಕೋ ಅಡುಗೆಭಟ್ಟ ಅನ್ನಬೇಕೋ? ಮೂರನೆಯದನ್ನು ಬಿಚ್ಚಿದ ದಿನ, ಕರಕಲಾದ ಪ್ಲೇಟನ್ನು ಕಮಾಲುದ್ದೀನನ ಮೂಗಿನ ಹತ್ತಿರ ಹಿಡಿದು ಇದನ್ನೇ ಕೇಳಿದೆ. ಅವನು ಶೆಡ್ಡಿನ ಬೆಂಚಿನಿಂದ ಏಳಲೇ ಇಲ್ಲ.

ಅದು ಎಪ್ಪತ್ತೊಂಬತ್ತನೇ ಇಸವಿ. ಬಾಳೆಹೊನ್ನೂರಿನಲ್ಲಿ ನನ್ನದೊಂದು ರಿಪೇರಿ ಶೆಡ್ಡು. ವೆಲ್ಡಿಂಗ್ ಕಿಡಿ ಸಿಡಿದು ಬಲಗಣ್ಣು ಹೋದಮೇಲೆ ನಾನು ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಬಿಟ್ಟಿದ್ದೆ. ಆದರೆ ಕೆಲಸದಲ್ಲಿ ಮಂಜಯ್ಯನ ಕೈಗೆ ಎರಡನೇ ಮಾತಿಲ್ಲ ಅಂತ ಊರೇ ಹೇಳುತ್ತಿತ್ತು. ಊರು ಹೇಳದಿದ್ದರೆ ನಾನೇ ಹೇಳುತ್ತಿದ್ದೆ. ಕಾರು ಕಾಫಿ ವ್ಯಾಪಾರಿ ಶಾಂತವೀರಪ್ಪನವರ ಅಂಬಾಸಿಡರ್. ಕಮಾಲುದ್ದೀನ್ ಅದನ್ನು ದಿನವೂ ಕೊಪ್ಪಕ್ಕೂ ಶೃಂಗೇರಿಗೂ ಬಾಡಿಗೆಗೆ ಓಡಿಸುತ್ತಿದ್ದ. ಅವನಿಗೊಂದು ಕೆಟ್ಟ ಚಾಳಿ. ಎಡಗಾಲು ಸದಾ ಕ್ಲಚ್ ಪೆಡಲಿನ ಮೇಲೇ ಇರಬೇಕು. ಹಾಗೆ ಕಾಲೂರಿಕೊಂಡಿದ್ದರೆ ಪ್ಲೇಟು ಅರ್ಧ ಹಿಡಿದು ಅರ್ಧ ಜಾರಿ ಸುಡದೆ ಇನ್ನೇನಾಗುತ್ತದೆ? ಮೇಲಾಗಿ ಬಾಡಿಗೆಯ ಹೊತ್ತಿನಲ್ಲಿ ಸೀಟಿನಿಂದ ಇಳಿಯುವವನೇ ಅಲ್ಲ, ಪ್ಯಾಸೆಂಜರುಗಳ ಗಂಟುಮೂಟೆಗೆ ಕೈಹಚ್ಚುವವನೂ ಅಲ್ಲ. ಟ್ಯಾಕ್ಸಿ ಸ್ಟ್ಯಾಂಡಿನವರು ಅವನನ್ನು ನವಾಬ ಅನ್ನುತ್ತಿದ್ದರು.

ಶಾಂತವೀರಪ್ಪನವರು ಶೆಡ್ಡಿಗೆ ಬಂದು, ಇನ್ನೊಂದು ಪ್ಲೇಟು ಸುಟ್ಟರೆ ಕಾರಿನ ಕೀಲಿಕೈ ವಾಪಸ್ಸು ಕೊಟ್ಟು ಮನೆಗೆ ಹೋಗು ಅಂತ ಅವನ ಮುಖಕ್ಕೇ ಹೇಳಿದರು. ಆಮೇಲೆ ಏನು ಮಾಡೋಣ ಅಂತ ನನ್ನನ್ನು ಕೇಳಿದರು. ಅದರಲ್ಲಿರುವುದು ಆರು ಸ್ಪ್ರಿಂಗಿನ ಕ್ಲಚ್ಚು, ಶಿವಮೊಗ್ಗದಲ್ಲಿ ಒಂಬತ್ತು ಸ್ಪ್ರಿಂಗಿನದು ಸಿಗುತ್ತದೆ, ಎಂಟು ಜನ ಹತ್ತಿದರೂ ಏರಿನಲ್ಲಿ ಜಾರುವುದಿಲ್ಲ, ಪೆಡಲು ಗಟ್ಟಿ, ಅದರ ಮೇಲೆ ಕಾಲಿಟ್ಟು ತೂಕಡಿಸಲು ಯಾವ ನವಾಬನಿಗೂ ಆಗುವುದಿಲ್ಲ ಅಂದೆ. ಕಮಾಲುದ್ದೀನನ ಮುಖ ಸಣ್ಣದಾಯಿತು. ಸಾಹುಕಾರರು ಹೋದಮೇಲೆ, ಹಳೆಯ ತರದ್ದೇ ಹಾಕಿಕೊಡಿ, ಗಟ್ಟಿ ಪೆಡಲನ್ನು ದಿನವಿಡೀ ತುಳಿಯುವುದು ಕಷ್ಟ ಅಂತ ಬೇಡಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದುಬಿಟ್ಟೆ.

ಹೊಸ ಕ್ಲಚ್ಚು ಕೂರಿಸಿದ ಮರುದಿನ ಬೆಳಿಗ್ಗೆ ಶಾಂತವೀರಪ್ಪನವರು ನನ್ನನ್ನೂ ಕಾರಿನ ಮುಂದಿನ ಸೀಟಿಗೆ ಹತ್ತಿಸಿದರು.

"ಇವತ್ತೊಂದಿನ ಇವನ ಕಾಲು ನೋಡ್ಕಂಡು ಬಾ ಮಾರಾಯ. ಇವ ಆಗ್ತಾನೋ ಇಲ್ವೋ ನೀನೇ ಹೇಳು. ನೀ ಹೇಳ್ದಂಗೆ ಮಾಡ್ತೀನಿ."

ಕಮಾಲುದ್ದೀನನ ಅನ್ನ ಈಗ ನನ್ನ ನಾಲಿಗೆಯ ಮೇಲಿತ್ತು. ನನಗೆ ಒಳಗೊಳಗೇ ಹಿಗ್ಗು, ಸುಳ್ಳು ಯಾಕೆ ಹೇಳಲಿ.

ಊರು ದಾಟುವಷ್ಟರಲ್ಲಿ ತೋಟದ ಕೂಲಿಯ ಗುಡ್ಡಮ್ಮ ರಸ್ತೆಗೆ ಅಡ್ಡ ನಿಂತಳು. ಸೊಸೆ ಸುಬ್ಬಿಗೆ ಹಿಂದಿನ ದಿನದಿಂದ ಹೆರಿಗೆ ನೋವು. ಮಗು ಅಡ್ಡ ತಿರುಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ, ಹೇಗಾದರೂ ಕೊಪ್ಪದ ಆಸ್ಪತ್ರೆಗೆ ಮುಟ್ಟಿಸಿ ಅಂದಳು. ಸುಬ್ಬಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಸುಬ್ಬಿ ಕೂಗುತ್ತಿರಲಿಲ್ಲ. ನನಗೆ ಅದೇ ಹೆದರಿಕೆಯಾಗಿದ್ದು.

ಏರು ಶುರುವಾಯಿತು. ನಾನು ಅವನ ಕಾಲನ್ನೇ ನೋಡುತ್ತಿದ್ದೆ. ಪ್ರತಿ ಸಲ ಪೆಡಲು ತುಳಿಯುವಾಗಲೂ ಅವನು ಎಡಗೈಯಿಂದ ತೊಡೆಯನ್ನು ಅದುಮಿ, ಆಮೇಲೆ ಅದೇ ಕೈಯಲ್ಲಿ ಗೇರು ಹಾಕುತ್ತಿದ್ದ. ಇದ್ಯಾವ ಹೊಸ ನಾಟಕ ಅಂದುಕೊಂಡೆ. ನಾಲ್ಕನೇ ತಿರುವಿನ ಹೊತ್ತಿಗೆ ಅವನ ತುಟಿ ಬೆಳ್ಳಗಾಗಿತ್ತು, ಮಂಡಿ ಗಡಗಡ ನಡುಗುತ್ತಿತ್ತು. ಐದನೆಯದರಲ್ಲಿ ಎದುರಿಗೆ ಮರದ ದಿಮ್ಮಿ ಹೇರಿದ ಲಾರಿ ಬಂತು. ಕಾರನ್ನು ಏರಿನ ನಡುವೆಯೇ ನಿಲ್ಲಿಸಬೇಕಾಯಿತು.

ಲಾರಿ ದಾಟಿತು. ಕಮಾಲುದ್ದೀನ್ ಪೆಡಲು ತುಳಿದ. ಅದು ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ. ಗೇರು ಕರಕರ ಅಂತು, ಇಂಜಿನ್ ನಿಂತಿತು, ಕಾರು ಹಿಂದಕ್ಕೆ ಜಾರಿತು. ಅವನು ಬ್ರೇಕ್ ಒತ್ತಿದ. ಹಿಂದೆ ತಿರುವು, ತಿರುವಿನ ಕೆಳಗೆ ಕಣಿವೆ. ಹ್ಯಾಂಡ್‌ಬ್ರೇಕು ಇದ್ದದ್ದು ಹೆಸರಿಗೆ ಮಾತ್ರ. ಗುಡ್ಡಮ್ಮನೇ ಇಳಿದು ಓಡಿ, ಒಂದು ಕಲ್ಲನ್ನು ಹಿಂದಿನ ಚಕ್ರಕ್ಕೆ ಕೊಟ್ಟು ಬಂದು ಕೂತಳು.

"ಕಾಲು ಏಳ್ತಾ ಇಲ್ಲ ಮಂಜಣ್ಣ," ಅಂದ ಕಮಾಲುದ್ದೀನ್.

ಬೈಯಲು ಬಾಯಿ ತೆರೆದಿದ್ದೆ. ಅವನು ಬೆಲ್ ಬಾಟಮ್ ಪ್ಯಾಂಟನ್ನು ತೊಡೆಯವರೆಗೆ ಎಳೆದು ತೋರಿಸಿದ. ಮಂಡಿಚಿಪ್ಪು ಒಡೆದು ಓರೆಯಾಗಿ ಕೂಡಿಕೊಂಡಿತ್ತು, ಕೆಳಗೆ ಮೀನಖಂಡ ಅನ್ನುವುದೇ ಇರಲಿಲ್ಲ. ಎರಡು ವರ್ಷದ ಹಿಂದೆ ಲಾರಿಯಿಂದ ಕಾಫಿ ಮೂಟೆ ಬಿದ್ದದ್ದಂತೆ. ಕಾಲನ್ನು ಒಮ್ಮೆ ಪೆಡಲಿನಿಂದ ಇಳಿಸಿದರೆ ಬೇಗ ಎತ್ತಿ ಇಡಲಾಗದು, ಅದಕ್ಕೇ ಅಲ್ಲಿಂದ ತೆಗೆಯುತ್ತಿರಲಿಲ್ಲ. ಕುಂಟುವುದು ಕಂಡೀತು ಅಂತ ಜನರ ಮುಂದೆ ಕಾರಿನಿಂದಲೂ ಇಳಿಯುತ್ತಿರಲಿಲ್ಲ, ನನ್ನ ಶೆಡ್ಡಿನಲ್ಲೂ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಹೆಂಡತಿ ಮಜೀದಾಳನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾದರೆ ಕುಂಟನ ಕಾರಿಗೆ ಯಾರು ಹತ್ತುತ್ತಾರೆ ಅಂದ.

ಆ ಒಂಬತ್ತು ಸ್ಪ್ರಿಂಗುಗಳನ್ನು ಹಾಕಿದ ಕೈ ನನ್ನದೇ.

ಅಂಬಾಸಿಡರಿನ ಮುಂದಿನ ಸೀಟು ಒಂದೇ ಉದ್ದದ ಬೆಂಚು, ಗೇರಿನ ಸರಳು ಸ್ಟೇರಿಂಗಿನ ಬುಡದಲ್ಲಿ, ನಡುವೆ ಅಡ್ಡಿಯಿಲ್ಲ. ಕಾಲು ತೆಗಿ ಅಂದೆ. ಅವನು ಎಡಗಾಲನ್ನು ಕೈಯಿಂದಲೇ ಎತ್ತಿ ಹಿಂದಕ್ಕಿಟ್ಟುಕೊಂಡ. ನಾನು ಅವನ ತೊಡೆಗೆ ತೊಡೆ ಒತ್ತಿ ಕೂತು, ನನ್ನ ಬಲಗಾಲನ್ನು ಕ್ಲಚ್ಚಿಗೆ ಹಾಕಿದೆ. ನೆಟ್ಟಗಿದ್ದ ನನ್ನ ಕಾಲಿಗೇ ಆ ಪೆಡಲು ಕಲ್ಲಿನಂತಿತ್ತು.

"ನಾ ಬಿಡಿ ಅಂದಾಗ ನಿಧಾನ ಬಿಡಿ. ಗಡಿಬಿಡಿ ಮಾಡಿದ್ರೆ ಎಲ್ರೂ ಕೆಳಗೆ ಹೋಗ್ತೀವಿ."

ಮೊದಲನೇ ಸಲ ನಾನು ಬೇಗ ಬಿಟ್ಟೆ. ಇಂಜಿನ್ ನಿಂತಿತು, ಚಕ್ರದ ಕೆಳಗಿನ ಕಲ್ಲು ಸರಿದ ಸದ್ದು ಕೇಳಿತು. ಗುಡ್ಡಮ್ಮ ದೇವರ ಹೆಸರು ಹೇಳತೊಡಗಿದಳು. ನನ್ನ ಬೆನ್ನು ಬೆವರಿನಿಂದ ಸೀಟಿಗೆ ಅಂಟಿಕೊಂಡಿತ್ತು. ಎರಡನೇ ಸಲ ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟೇ ಬಿಡುತ್ತಾ ಬಂದೆ. ಕಾರು ನಡುಗಿತು, ಹಿಡಿಯಿತು, ಮುಂದೆ ಹೋಯಿತು.

ಕೊಪ್ಪದವರೆಗೂ ಅವನು "ಒತ್ತಿ", "ಬಿಡಿ" ಅನ್ನುತ್ತಿದ್ದ, ನಾನು ಒತ್ತುತ್ತಿದ್ದೆ, ಬಿಡುತ್ತಿದ್ದೆ. ಒಂದು ತಿರುವೂ ತಪ್ಪಲಿಲ್ಲ. ಅವನಂಥ ಡ್ರೈವರನ್ನು ನಾನು ಮೊದಲು ನೋಡಿರಲಿಲ್ಲ. ಆಸ್ಪತ್ರೆಯ ಮುಂದೆ ಎರಡು ಗಂಟೆ ಕಾದೆವು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಉಳಿದರು.

ಕಾಯುತ್ತಿದ್ದಾಗ ಅವನಿಗೊಂದು ಉಪಾಯ ಹೇಳಿದೆ. ಆರು ಸ್ಪ್ರಿಂಗಿನದನ್ನೇ ವಾಪಸ್ಸು ಹಾಕಿಸಿ, ಪೆಡಲಿನ ಪಕ್ಕ ಅದರ ಎತ್ತರಕ್ಕೇ ಒಂದು ಮರದ ತುಂಡು ಕೂರಿಸಿದರೆ ಕಾಲನ್ನು ಎತ್ತಿ ಇಳಿಸಬೇಕಾಗಿಲ್ಲ, ಪಕ್ಕಕ್ಕೆ ಜಾರಿಸಿದರೆ ಸಾಕು, ಪ್ಲೇಟೂ ಸುಡುವುದಿಲ್ಲ. ಅವನು ತಲೆಯಾಡಿಸಿದ. ವಾಪಸ್ಸು ಬರುವಾಗಲೂ ಕ್ಲಚ್ಚು ನನ್ನದೇ. ಊರು ಹತ್ತಿರವಾದಾಗ ಒಂದೇ ಮಾತು ಆಡಿದ.

"ಸಾವ್ಕಾರ್ರು ಕೇಳ್ತಾರೆ. ನೀವು ಕಂಡಿದ್ದೇ ಹೇಳಿ ಮಂಜಣ್ಣ. ನನಗೋಸ್ಕರ ಸುಳ್ಳು ಬೇಡ."

ಒಬ್ಬರಿಗೊಬ್ಬರು ಅಂಟಿಕೊಂಡು ಕೂತ ನಮ್ಮನ್ನು ಕಂಡು ಸ್ಟ್ಯಾಂಡಿನವರು, ನವಾಬರಿಗೆ ಹೊಸ ಬೇಗಂ ಸಿಕ್ಕಳು ಅಂತ ನಕ್ಕರು. ಅಲ್ಲೇ ಕಾಯುತ್ತಿದ್ದ ಶಾಂತವೀರಪ್ಪನವರು ನಗಲಿಲ್ಲ. ಇವನ ಕಾಲು ಹೇಗಿದೆ ಅಂತ ಎಲ್ಲರೆದುರಿಗೇ ಕೇಳಿದರು. ನನ್ನ ಒಂದು ಕಣ್ಣು ಕುರುಡೆಂದು ಆ ಜನಕ್ಕೆಲ್ಲ ಗೊತ್ತಿತ್ತು, ಆದರೂ ಗಾಡಿ ತಂದು ಬಿಡುತ್ತಿದ್ದರು. ಕಮಾಲುದ್ದೀನನ ಕಾಲಿಗೆ ಆ ಪುಣ್ಯ ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು.

"ಇವನಲ್ಲಿ ದೋಷ ಇಲ್ಲ ಸಾವ್ಕಾರ್ರೆ. ನಾ ಹಾಕಿದ ಕ್ಲಚ್ಚೇ ತಪ್ಪು, ಏರಲ್ಲಿ ಕೈ ಕೊಡ್ತು. ಮುಂಚಿನ ಮೂರನ್ನೂ ನಾನೇ ನೆಟ್ಟಗೆ ಕೂರ್ಸಿರ್ಲಿಲ್ಲ."

ಇಪ್ಪತ್ತು ವರ್ಷದಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಕಿವಿ ಎರಡೂ ಕಾದು ಕೆಂಡವಾದವು. ಒಬ್ಬ ಬಡಪಾಯಿಯನ್ನು ವರ್ಷವಿಡೀ ಬೈಸಿದೆಯಲ್ಲೋ ಅಂತ ಶಾಂತವೀರಪ್ಪನವರು ನನಗೆ ಬಾಯಿಗೆ ಬಂದಂತೆ ಬೈದರು, ಇನ್ನು ತಮ್ಮ ಕಾರು ನನ್ನ ಶೆಡ್ಡಿನ ನೆರಳಿಗೂ ಬರುವುದಿಲ್ಲ ಅಂದರು. ಕಮಾಲುದ್ದೀನ್ ಏನೋ ಹೇಳಹೊರಟ. ನಾನು ಅವನ ಕಡೆ ನೋಡದೆ ನಡೆದುಬಂದೆ.

ಎರಡು ದಿನದ ಮೇಲೆ ಆ ಅಂಬಾಸಿಡರ್ ನನ್ನ ಶೆಡ್ಡಿನ ಮುಂದೆಯೇ ಹಾದು ಶೃಂಗೇರಿಯ ಕಡೆಗೆ ಹೋಯಿತು. ಕ್ಲಚ್ಚನ್ನು ಬೇರೆ ಯಾರೋ ಬದಲಿಸಿದ್ದರು. ಓಡಿಸುತ್ತಿದ್ದವನು ಕಮಾಲುದ್ದೀನನೇ.