ಗಾಡಿಮನೆಯ ಹಿಂಭಾರ

ಬ್ರೇಕ್ ಮಾಸ್ತರನಿಗೆ ಅನುಮಾನ ಹುಟ್ಟಲು ಇಂಥದ್ದೇ ಕಾರಣ ಬೇಕೆಂದೇನೂ ಇರಲಿಲ್ಲ. ಹಾಲು ಹಾಕುವವನು ನಗುತ್ತ ಬಂದರೆ ಹಾಲಿಗೆ ನೀರು ಬೆರೆಸಿದ್ದಾನೆ ಎಂದು ಅರ್ಥ. ನಗದೆ ಬಂದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ. ಪಾಪ, ಮಾಸ್ತರನ ಉದ್ಯೋಗವೇ ಹಾಗಿತ್ತು ಅನ್ನಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯುವವರ ಪಕ್ಕ ಕೂತು, ತನ್ನ ಕಡೆಗಿದ್ದ ಎರಡನೇ ಬ್ರೇಕಿನ ಮೇಲೆ ದಿನವಿಡೀ ಕಾಲಿಟ್ಟುಕೊಂಡಿರಬೇಕು. ಯಾರು ಯಾವಾಗ ಎತ್ತ ತಿರುಗಿಸುತ್ತಾರೋ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಶಿಷ್ಯರು ಇಟ್ಟ ಹೆಸರು ಅಂಟಿಕೊಂಡದ್ದು ಅದಕ್ಕೇ. ಮನೆಗೆ ಬಂದ ಮೇಲೂ ಆ ಕಾಲು ಬ್ರೇಕಿನಿಂದ ಏಳುತ್ತಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ.

ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕುತ್ತಿದ್ದಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಹರಿದದ್ದಕ್ಕೆ ತೇಪೆ, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು. ಮಾಸ್ತರ ಒಳಗೆ ಕಾಲಿಟ್ಟ ತಕ್ಷಣ ಶುರು: "ಈ ಪ್ಯಾಂಟು ಯಾರದು? ಇಷ್ಟು ಉದ್ದದ ಮನುಷ್ಯ ನಮ್ಮ ಬೀದೀಲಿ ಯಾರೂ ಇಲ್ವಲ್ಲ?" ಕ್ಲಾಸಿನ ನಡುವೆ ಫೋನು: "ಯಾರು ಬಂದಿದ್ರು? ಯಾಕೆ ಇಷ್ಟು ತಡವಾಗಿ ಎತ್ತಿದೆ?" ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ಜಗಳವಾಡುತ್ತಿದ್ದಳು. ಈಚೆಗೆ ಎರಡೂ ಇರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದಳು. ಸದ್ಯ, ಹೆಂಡತಿಗೆ ಬುದ್ಧಿ ಬಂತು ಎಂದು ಈ ಮಹಾಶಯ ಸಮಾಧಾನಪಟ್ಟುಕೊಂಡಿದ್ದ.

ಇರಲಿ. ಆ ಬೆಳಿಗ್ಗೆ ಮಾತ್ರ ಅವನಿಗೆ ಅನುಮಾನಪಡಲು ನಿಜವಾದ ಕಾರಣವೇ ಸಿಕ್ಕಿತ್ತು. ಗಾಡಿಮನೆ ಬಾಲ ಅಲ್ಲಾಡಿಸುತ್ತಿತ್ತು.

ಗಾಡಿಮನೆ ಎಂದರೆ ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಟ್ರೇಲರ್. ಒಳಗೆ ಎರಡು ಮಂಚ, ಒಂದು ಒಲೆ, ಅಂಗೈಯಗಲದ ಸಿಂಕು. ಮಾಸ್ತರ ಮತ್ತು ಅವನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಇಬ್ಬರೂ ಸೇರಿ ಕೊಂಡದ್ದು. ಅರ್ಧ ವರ್ಷ ಇವರ ಅಂಗಳದಲ್ಲಿ, ಅರ್ಧ ವರ್ಷ ಅವರ ಅಂಗಳದಲ್ಲಿ. ಈಗ ಅವರ ಸರದಿ ಬಂದಿತ್ತು. ಗಂಡ ಹೆಂಡತಿ ಹೋಗಿ, ಒಂದು ವಾರ ತಂಗಿಯ ಮನೆಯಲ್ಲಿದ್ದು, ಗಾಡಿಮನೆ ಅಲ್ಲೇ ಬಿಟ್ಟು ಬರುವುದೆಂದು ಮಾತಾಗಿತ್ತು.

ಈ ಗಾಡಿಮನೆಗೆ ಹಿತವಾದ ವೇಗ ಎಂಬತ್ತು. "ಎಂಬತ್ತು ದಾಟಿದ್ರೆ ಗಾಡಿ ನಮ್ಮ ಮಾತು ಕೇಳಲ್ಲ, ಅರವತ್ತಕ್ಕಿಂತ ಇಳಿದ್ರೆ ಹಿಂದಿನ ಲಾರಿಯವರು ಕೇಳಲ್ಲ" ಎಂದು ಅವನು ಶಿಷ್ಯರಿಗೆಲ್ಲ ಹೇಳುತ್ತಿದ್ದ. ಹೋದ ಸಲವೂ ಎಂಬತ್ತರಲ್ಲೇ ಹೋಗಿದ್ದ, ಗಾಡಿ ಸಾಕಿದ ಹಸುವಿನ ಹಾಗೆ ಹಿಂದೆ ಬಂದಿತ್ತು. ಇವತ್ತು ಎಪ್ಪತ್ತು ಮುಟ್ಟುವಷ್ಟರಲ್ಲೇ ಸ್ಟಿಯರಿಂಗಿನಲ್ಲಿ ಏನೋ ಬೇರೆ ಥರ ಅನ್ನಿಸಿತು. ಒಂದು ಲಾರಿ ಪಕ್ಕದಿಂದ ಬುಸ್ಸೆಂದು ದಾಟಿಹೋಯಿತು ನೋಡಿ, ಕನ್ನಡಿಯಲ್ಲಿ ಗಾಡಿಮನೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿತು. ಮಾಸ್ತರ ಬ್ರೇಕು ಮುಟ್ಟದೆ, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ಮಾತ್ರ ಎತ್ತಿದ. ಅರವತ್ತಕ್ಕೆ ಇಳಿದಾಗ ಅದು ತೆಪ್ಪಗಾಯಿತು.

"ಏನಾಯ್ತು ರೀ?"

"ಏನಿಲ್ಲ. ಗಾಳಿ."

ಗಾಳಿ ಇರಲಿಲ್ಲ. ರಸ್ತೆ ಬದಿಯ ಹುಲ್ಲು ಕೂಡ ಅಲುಗುತ್ತಿರಲಿಲ್ಲ.

"ಹಾಗಾದ್ರೆ ನಿಧಾನವಾಗೇ ಹೋಗಿ. ಅವಸರ ಏನಿದೆ?" ಎಂದಳು ಹೆಂಡತಿ.

ಮಾಸ್ತರನ ಕಿವಿ ನೆಟ್ಟಗಾಯಿತು. ನಿಧಾನವಾಗಿ ಹೋಗಿ! ಯಾರ ಬಾಯಲ್ಲಿ ಈ ಮಾತು? ಮದುವೆಯಾದಾಗಿನಿಂದ ಇವನ ನಿಧಾನವನ್ನು ಆಡಿಕೊಂಡು ನಕ್ಕವಳು. "ಹಿಂದೆ ಸೈಕಲ್ ಬರ್ತಿದೆ, ಪಾಪ, ಅವನಿಗಾದ್ರೂ ದಾರಿ ಬಿಡಿ" ಎನ್ನುತ್ತಿದ್ದವಳು. ಅವಳಿಗೆ ಇವತ್ತು ನಿಧಾನ ಬೇಕಾಗಿದೆ. ಏನೋ ಇದೆ ಎಂದುಕೊಂಡ.

ಮೊದಲು ಅವನ ಅನುಮಾನ ಹೋದದ್ದು ಷಡ್ಡಕನ ಮೇಲೆ. ಹೋದ ಸರದಿಯಲ್ಲಿ ಹಳೇ ಟೈರು ಹಾಕಿಸಿ ಹೊಸದು ಅಂದಿರಬೇಕು, ಆ ಮನುಷ್ಯನ ನಗುವೇ ಸರಿಯಿಲ್ಲ. ಪೆಟ್ರೋಲ್ ಬಂಕು ಸಿಕ್ಕಿದ ತಕ್ಷಣ ಒಳಗೆ ತಿರುಗಿಸಿ ಇಳಿದ. ಟೈರಿನ ಗಾಳಿ ನೋಡಿದ, ಸರಿಯಿತ್ತು. ಕೊಂಡಿ ಅಲ್ಲಾಡಿಸಿ ನೋಡಿದ, ಸರಪಳಿ ಎಳೆದು ನೋಡಿದ, ಎಲ್ಲ ಭದ್ರ. ಷಡ್ಡಕ ಈ ಸಲಕ್ಕೆ ಪಾರಾದ. ಬೇಜಾರಿನಿಂದ ಹಿಂದೆ ಸರಿದು ನಿಂತಾಗ ಕಾರಿನ ಹಿಂಭಾಗ ಕಣ್ಣಿಗೆ ಬಿತ್ತು. ಗಾಡಿಮನೆ ಸಿಕ್ಕಿಸಿದರೆ ಅದರ ಮೂತಿಯ ಭಾರಕ್ಕೆ ಕಾರಿನ ಹಿಂಭಾಗ ಸ್ವಲ್ಪ ತಗ್ಗಬೇಕು. ಇವತ್ತು ತಗ್ಗಿಲ್ಲ, ಒಂದಿಷ್ಟು ಎದ್ದೇ ನಿಂತಿದೆ. ಅಂದರೆ ಗಾಡಿಮನೆಯೊಳಗೆ ಭಾರವೆಲ್ಲ ಚಕ್ರಕ್ಕಿಂತ ಹಿಂದೆ ಕೂತಿದೆ.

ಆದರೆ ಸಾಮಾನು ತುಂಬಿದ್ದು ಅವನೇ! ನೀರಿನ ಕ್ಯಾನು, ಸೂಟ್‌ಕೇಸು, ಪಾತ್ರೆ, ಎಲ್ಲ ಮುಂದೆ. ಹಿಂದಿನ ಮಂಚದ ಕಡೆ ದಿಂಬು ಬಿಟ್ಟು ಬೇರೆ ಏನನ್ನೂ ಇಡಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ.

ಕಿಟಕಿಯ ಹತ್ತಿರ ಬಗ್ಗಿ ಕೇಳಿದ: "ಹಿಂದಿನ ಮಂಚದ ಕೆಳಗೆ ಏನಿಟ್ಟಿದ್ದೀಯ?"

"ಹೊದಿಕೆ."

"ಹೊದಿಕೆ ಇಷ್ಟು ಭಾರ ಇರಲ್ಲ."

"ಚಳಿಗಾಲದ ಹೊದಿಕೆ."

"ಗಾಡಿಮನೆ ಕೀ ಕೊಡು."

ಅವಳು ಚೀಲಕ್ಕೆ ಕೈ ಹಾಕಿ, ಕೆದಕಿ, "ಎಲ್ಲಿಟ್ಟೆನೋ ಏನೋ, ಅಲ್ಲಿಗೆ ಹೋದ್ಮೇಲೆ ಹುಡುಕ್ತೀನಿ" ಎಂದಳು. ಅಷ್ಟರಲ್ಲಿ ಹಿಂದೆ ನಿಂತ ಲಾರಿಯವನು ಹಾರ್ನ್ ಒತ್ತಿಹಿಡಿದ. ಮಾಸ್ತರ ಹಲ್ಲು ಕಚ್ಚಿಕೊಂಡು ಗಾಡಿ ಹೊರಡಿಸಿದ.

ಈಗ ಅವನ ತಲೆಯೊಳಗೆ ಹುಳ ಹೊಕ್ಕಿತು. ಬೇಕೆಂದೇ ವೇಗವನ್ನು ನಿಧಾನವಾಗಿ ಏರಿಸಿ, ಓರೆಗಣ್ಣಿನಿಂದ ಹೆಂಡತಿಯನ್ನೇ ನೋಡಿದ. ಹಿಂದಿನದು ತೂಗಲು ಶುರುವಾದಾಗ ಅವಳು ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸರಿ, ಹೆದರಿದವರು ಹಿಡಿದುಕೊಳ್ಳುತ್ತಾರೆ. ಆದರೆ ಹೆದರಿದವರು ಮುಂದೆ ರಸ್ತೆ ನೋಡುತ್ತಾರೆ. ಎಷ್ಟು ಶಿಷ್ಯರನ್ನು ನೋಡಿಲ್ಲ ಅವನು! ಇವಳು ತಿರುಗಿ ಹಿಂದೆ ನೋಡಿದಳು.

ಅವಳ ಫೋನು ಟಿಣ್ ಎಂದಿತು. ಅವಳು ಓದಿ, ಅದನ್ನು ಮಡಿಲಲ್ಲಿ ಬೋರಲು ಹಾಕಿದಳು.

"ಯಾರು?"

"ತಂಗಿ. ಎಲ್ಲಿದ್ದೀರ ಅಂತ."

"ಅಷ್ಟಕ್ಕೆ ಯಾಕೆ ಬೋರಲು ಹಾಕ್ದೆ?"

ಅವಳು ಕಿಟಕಿಯ ಕಡೆ ತಿರುಗಿದಳು. ಮಾಸ್ತರನ ಕಣ್ಣು ರಸ್ತೆಯ ಮೇಲಿತ್ತು, ಮನಸ್ಸು ಆ ಫೋನಿನ ಮೇಲಿತ್ತು. ತಂಗಿ ಇರಲಾರಳು. ತಂಗಿಯೇ ಆದರೂ ಬರೀ ಎಲ್ಲಿದ್ದೀರ ಎಂದು ಕೇಳಿರಲಾರಳು. ಹೀಗೆ ಲೆಕ್ಕ ಹಾಕುತ್ತ ರಸ್ತೆ ಇಳಿಜಾರಿಗೆ ಹೊರಳಿದ್ದು ಅವನ ಗಮನಕ್ಕೇ ಬರಲಿಲ್ಲ. ಕಲಿಯುವವರು ಹೀಗೆ ಮಾಡಿದ್ದರೆ ಕೆಳಗಿಳಿಸಿ ಬೈಯುತ್ತಿದ್ದ. ಮುಳ್ಳು ಎಂಬತ್ತು ದಾಟಿತ್ತು. ಗಾಡಿಮನೆ ಒಮ್ಮೆ ತೂಗಿತು, ಮತ್ತೊಮ್ಮೆ ಇನ್ನೂ ಜೋರಾಗಿ ತೂಗಿ ಕಾರಿನ ಹಿಂಭಾಗವನ್ನೇ ಹಿಡಿದು ಎಳೆದಾಡಿತು. ಎದುರಿಗೆ ಸೇತುವೆಯ ಕಟ್ಟೆ. ಅವನ ಬಲಗಾಲು ಜೀವಮಾನದ ಅಭ್ಯಾಸದಂತೆ ಬ್ರೇಕಿನ ಕಡೆ ಹಾರಿತು. ಒತ್ತಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಹಿಂದಿನದು ಮುಂದೆ ಬಂದು ಎರಡೂ ಮಡಚಿಕೊಂಡು ಕೆಳಗೆ ಬೀಳುತ್ತಿದ್ದವು.

"ಅಯ್ಯೋ, ನನ್ನ ಮೆಷಿನ್ನು!" ಎಂದು ಕಿರುಚಿದಳು ಹೆಂಡತಿ.

ಅವನು ಕಾಲನ್ನು ಗಾಳಿಯಲ್ಲೇ ತಡೆದ. ಸ್ಟಿಯರಿಂಗ್ ಅಲುಗಿಸದೆ ಹಿಡಿದ. ತೂಗಾಟ ತಾನಾಗಿ ಇಳಿಯುವವರೆಗೆ ಉಸಿರು ಬಿಡಲಿಲ್ಲ. ಸೇತುವೆ ದಾಟಿ, ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದ.

"ಯಾವ ಮೆಷಿನ್ನು?"

ಅವಳು ಈ ಸಲ ಹುಡುಕುವ ನಾಟಕ ಆಡಲಿಲ್ಲ. ಚೀಲದಿಂದ ಕೀ ತೆಗೆದು ಅವನ ಕೈಯಲ್ಲಿಟ್ಟಳು.

ಹಿಂದಿನ ಮಂಚದ ಹಲಗೆ ಎತ್ತಿದ ಮಾಸ್ತರನಿಗೆ ಮೊದಲು ಕಂಡದ್ದು ತನ್ನದೇ ರೇನ್‌ಕೋಟು. ಅದು ಕಾಣೆಯಾಯಿತೆಂದು ಪಕ್ಕದ ಮನೆಯವನ ಮೇಲೆ ಅನುಮಾನಪಟ್ಟು ಅವನ ಜೊತೆ ಮಾತು ಬಿಟ್ಟಿದ್ದ. ಬಿಚ್ಚಿದರೆ ಒಳಗೆ ಹೊಲಿಗೆ ಮೆಷಿನ್ನು. ಪಕ್ಕದಲ್ಲಿ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮೆಷಿನ್ನು. ಕಬ್ಬಿಣದ ಸ್ಟ್ಯಾಂಡಿನ ಕಾಲುಗಳು, ಮೋಟಾರು, ಇಸ್ತ್ರಿ ಪೆಟ್ಟಿಗೆ, ದೊಡ್ಡ ಕತ್ತರಿ, ಬಟ್ಟೆಯ ಥಾನುಗಳು. ವಾರಕ್ಕೆಂದು ತಂಗಿಯ ಮನೆಗೆ ಹೋಗುವವರು ಇಷ್ಟೆಲ್ಲ ಕಟ್ಟಿಕೊಂಡು ಹೋಗುವುದಿಲ್ಲ. ಅದು ಅರ್ಥವಾಗದಷ್ಟು ದಡ್ಡನಲ್ಲ ಅವನು. ಆದರೂ ಬಾಯಿಂದ ಬಂದದ್ದು ಬೇರೆಯೇ.

"ಯಾರು ಎತ್ತಿಟ್ಟಿದ್ದು?"

ಹೆಂಡತಿ ನಕ್ಕಳು. ಚೆಂದದ ನಗು ಅಲ್ಲ ಅದು. "ನೋಡಿದ್ರಾ? ಯಾಕೆ ಅಂತ ಕೇಳ್ಲಿಲ್ಲ. ಯಾರು ಅಂತ ಕೇಳಿದ್ರಿ."

ಮಾಸ್ತರ ಬಿಚ್ಚಿದ ರೇನ್‌ಕೋಟನ್ನು ಪಕ್ಕಕ್ಕಿಟ್ಟ.

"ನಾನೇ ಎತ್ತಿಟ್ಟೆ. ನೀವು ಕ್ಲಾಸಿಗೆ ಹೋದಾಗ ಬಿಚ್ಚಿ ಬಿಚ್ಚಿ, ಒಂದೊಂದೇ ತಂದಿಟ್ಟೆ. ಸೊಂಟ ಬಿದ್ದುಹೋಯ್ತು. ಭಾರದ್ದು ಹಿಂದೆ ಇಡಬಾರ್ದು ಅಂತ ನೀವು ಬಡ್ಕೊಳ್ಳೋದು ಗೊತ್ತು. ಅದಕ್ಕೇ ಅಲ್ಲಿಟ್ಟೆ, ಅಲ್ಲಾದ್ರೆ ನೀವು ಹುಡುಕಲ್ಲ ಅಂತ. ಗಾಡಿನೇ ಹೋಗಿ ನಿಮ್ಮ ಹತ್ರ ಚಾಡಿ ಹೇಳುತ್ತೆ ಅಂತ ನನಗೇನು ಗೊತ್ತು?"

"ಮನೇಲಿ ಮೆಷಿನ್ ಮೇಲಿನ ಹೊದಿಕೆ ಹಾಗೇ ಇತ್ತಲ್ಲ?"

"ಅದರೊಳಗೆ ಸ್ಟೂಲು ಇದೆ."

ದಿನಾ ಆ ಹೊದಿಕೆಯ ಮುಂದೆಯೇ ನಿಂತು ಅವಳನ್ನು ವಿಚಾರಣೆ ಮಾಡಿದ್ದ. ಒಮ್ಮೆಯೂ ಅದನ್ನು ಎತ್ತಿ ನೋಡಬೇಕು ಅನ್ನಿಸಿರಲಿಲ್ಲ.

"ಎಷ್ಟು ದಿನ?" ಎಂದು ಕೇಳಿದ.

"ಗೊತ್ತಿಲ್ಲ ರೀ. ತಂಗಿ ಬೀದಿ ಕಡೆ ಕೋಣೆ ಖಾಲಿ ಮಾಡಿಸಿದ್ದಾಳೆ." ಅವಳ ಕಣ್ಣು ತುಂಬಿತು, ದನಿ ಮಾತ್ರ ಅಲುಗಲಿಲ್ಲ. "ಅಲ್ಲಿ ಯಾರಾದ್ರೂ ಪ್ಯಾಂಟು ತಂದ್ಕೊಟ್ರೆ ಅದು ಬರೀ ಪ್ಯಾಂಟು. ನನಗೆ ಅಷ್ಟು ಸಾಕು. ಅಲ್ಲಿಗೆ ಹೋದ್ಮೇಲೆ ಹೇಳೋಣ ಅಂತಿದ್ದೆ. ಮನೇಲಿ ಹೇಳಿದ್ರೆ ಹೊರಡೋಕೇ ಬಿಡ್ತಿರಲಿಲ್ಲ."

ಅದು ಸುಳ್ಳಲ್ಲ. ಜೀವಮಾನವಿಡೀ ಸುಮ್ಮಸುಮ್ಮನೆ ಅನುಮಾನಪಟ್ಟವನ ಅನುಮಾನ ಇವತ್ತು ನಿಜವಾಗಿತ್ತು. ನಿಜವಾದರೆ ಎದೆಯುಬ್ಬಿಸಿ "ನಾನು ಹೇಳಿರಲಿಲ್ವಾ" ಎನ್ನಬಹುದೆಂದು ಅವನು ಎಷ್ಟೋ ಸಲ ಅಂದುಕೊಂಡಿದ್ದುಂಟು. ಈಗ ನೋಡಿದರೆ ಎದೆಯಲ್ಲಿ ಉಬ್ಬಲು ಏನೂ ಇರಲಿಲ್ಲ. ಅಳು ಬಂತು. ಅದನ್ನು ನುಂಗಿಕೊಳ್ಳಲು ಮೆಷಿನ್ನಿನ ಚಕ್ರವನ್ನು ಸುಮ್ಮನೆ ತಿರುಗಿಸಿದ.

"ತಿರುಗಿಸ್ಕೊಂಡು ವಾಪಸ್ ಹೋಗ್ತೀರಾ?" ಎಂದು ಕೇಳಿದಳು ಅವಳು.

ಹೋಗಬಹುದಿತ್ತು. ಸ್ಟಿಯರಿಂಗ್ ಅವನ ಕೈಯಲ್ಲಿತ್ತು, ಮುಂದೆ ತಿರುವೂ ಇತ್ತು. ಸಂಜೆಗೆ ಮೆಷಿನ್ನು ತನ್ನ ಮೂಲೆಗೆ, ಅವಳು ಮೆಷಿನ್ನಿನ ಮುಂದೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗುತ್ತಾಳೆ. ಆ ಮೌನಕ್ಕೆ ತಾನು ಬುದ್ಧಿ ಬಂತು ಎಂದು ಹೆಸರಿಟ್ಟದ್ದು ನೆನಪಾಗಿ ಮಾಸ್ತರನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂಗಿಯ ತೋಳು ಮೇಲೆ ಮಡಚಿ, "ಆ ಕಡೆ ಹಿಡಿ. ಬೆನ್ನು ಬಗ್ಗಿಸ್ಬೇಡ, ಮಂಡಿ ಬಗ್ಗಿಸು" ಎಂದ.

ಇಬ್ಬರೂ ಸೇರಿ ಮೆಷಿನ್ನುಗಳನ್ನು ಮುಂದಕ್ಕೆ, ಚಕ್ರದ ನೇರಕ್ಕೆ ತಂದರು. ಸ್ಟ್ಯಾಂಡನ್ನು ಇನ್ನೂ ಮುಂದೆ ಮಲಗಿಸಿ ಹಗ್ಗ ಬಿಗಿದರು. ಸಂದಿಯಲ್ಲಿ ಮೆಷಿನ್ನು ಉಜ್ಜಬಾರದೆಂದು ಮಾಸ್ತರ ತನ್ನ ರೇನ್‌ಕೋಟನ್ನೇ ಮಡಚಿ ತುರುಕಿದ. ಹೊರಗೆ ಬಂದು ನೋಡಿದರೆ ಕಾರಿನ ಹಿಂಭಾಗ ಸರಿಯಾಗಿ ತಗ್ಗಿ ಕೂತಿತ್ತು.

ಹೊರಡುವ ಮುಂಚೆ ಕೇಳಿದ: "ಎಷ್ಟರಲ್ಲಿ ಹೋಗ್ಲಿ?"

ಅವಳು ಆಶ್ಚರ್ಯದಿಂದ ಅವನ ಮುಖ ನೋಡಿದಳು. ಈ ಮಾತನ್ನು ಅವನು ಅವಳ ಹತ್ತಿರ ಯಾವತ್ತೂ ಕೇಳಿರಲಿಲ್ಲ. "ಎಪ್ಪತ್ತು ಸಾಕು. ಜೀವ ಬಾಯಿಗೆ ಬರದ ಹಾಗೆ ಹೋಗಿ, ಅಷ್ಟೇ."

ಎಪ್ಪತ್ತರಲ್ಲೇ ಹೋದ. ಲಾರಿಗಳು ದಾಟಿದವು, ಗಾಡಿಮನೆ ಮಿಸುಕಲಿಲ್ಲ. ನಲವತ್ತಕ್ಕಿಳಿಸಿದರೆ ಅವಳು ಇನ್ನೊಂದಿಷ್ಟು ಹೊತ್ತು ಪಕ್ಕದಲ್ಲಿ ಕೂತಿರುತ್ತಾಳೆ ಎಂಬ ಯೋಚನೆ ನಡುವೆ ಒಂದೆರಡು ಸಲ ಬಂತು. ಕಾಲು ಸಡಿಲವಾಗಲೂ ನೋಡಿತು. ಕಾಲನ್ನು ಬೈದುಕೊಂಡು ಎಪ್ಪತ್ತರಲ್ಲೇ ಇಟ್ಟ.

ತಂಗಿಯ ಮನೆಯಲ್ಲಿ ಮೆಷಿನ್ನು ಇಳಿಸಿ, ಬೀದಿ ಕಡೆಯ ಕೋಣೆಯಲ್ಲಿ ಜೋಡಿಸಿಕೊಟ್ಟದ್ದೂ ಅವನೇ. ಷಡ್ಡಕ ಕಾಫಿ ತಂದುಕೊಟ್ಟು, ಏನು ಮಾತಾಡಬೇಕೆಂದು ತಿಳಿಯದೆ ಟೈರಿನ ವಿಷಯ ತೆಗೆದ. ಹೊಸ ಟೈರು ಚೆನ್ನಾಗಿವೆ ಎಂದು ಮಾಸ್ತರ ಹೇಳಿದ. ವಾರ ಉಳಿಯಲಿಲ್ಲ, ಆಗಲೇ ಹೊರಟ. ಹೆಂಡತಿ ಗೇಟಿನವರೆಗೆ ಬಂದು, "ಮನೆ ಸೇರಿದ್ಮೇಲೆ ಫೋನ್ ಮಾಡಿ. ಒಂದು ಸಲ. ಒಂದೇ ಸಲ" ಎಂದಳು.

ವಾಪಸು ಬರುವಾಗ ಕಾರಿನ ಹಿಂದೆ ಎಳೆಯಲು ಏನೂ ಇರಲಿಲ್ಲ. ಆದರೂ ಎಪ್ಪತ್ತು ದಾಟಿಸಲು ಮನಸ್ಸಾಗಲಿಲ್ಲ. ಮನೆಯಲ್ಲಿ ದೀಪ ಹಾಕಿ, ಮುಂದಿನ ಕೋಣೆಗೆ ಹೋಗಿ ಹೊದಿಕೆ ಎತ್ತಿದ. ಸ್ಟೂಲು ಇತ್ತು. ಅದನ್ನು ಎಳೆದುಕೊಂಡು ಕೂತು ಫೋನು ಮಾಡಿದ.

"ಸೇರಿದ್ರಾ?" ಎಂದಳು ಅವಳು. ಅವಳ ಹಿಂದೆ ಯಾವುದೋ ಗಂಡಸಿನ ನಗು ಕೇಳಿಸಿತು. ಷಡ್ಡಕನ ನಗು ಅಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ಯಾರದು? ಈ ಹೊತ್ತಿನಲ್ಲಿ ಅಲ್ಲೇನು ಕೆಲಸ? ಪ್ರಶ್ನೆ ನಾಲಿಗೆಯ ತುದಿಗೆ ಬಂದು ನಿಂತಿತು. ನೆಲದ ಮೇಲಿದ್ದ ಬಲಗಾಲು ತಾನಾಗಿ ಒತ್ತಿಕೊಂಡಿತು. ಆ ಕಡೆ ಅವಳೂ ಉಸಿರು ಹಿಡಿದು ಕಾಯುತ್ತಿದ್ದಳೆಂದು ಅವನಿಗೆ ಗೊತ್ತಾಯಿತು.

"ಮೆಷಿನ್ನು ಅಲುಗಾಡ್ತಿಲ್ಲ ತಾನೆ?" ಎಂದು ಕೇಳಿದ.

ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಒಂದು ಕಾಲು ಸ್ವಲ್ಪ ಕುಂಟುತ್ತೆ. ರಟ್ಟು ಮಡಚಿ ಇಟ್ಟಿದ್ದೀನಿ" ಎಂದಳು. "ಮುಂದಿನ ಸಲ ಬಂದಾಗ ನೋಡಿ."